ಹತ್ತಿ ತುರುಕಿದ ಗಂಟೆ

ಮೆಟ್ರೋ ಕೆಲಸದ ಗದ್ದಲ ತಪ್ಪಿಸುತ್ತೇನೆ ಎಂದು ರಿಕ್ಷಾದವನು ಥಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಒಳದಾರಿ ಹಿಡಿದ. ಬುದ್ಧಿವಂತಿಕೆಗೆ ತಕ್ಕ ಫಲವೆಂಬಂತೆ ಅಲ್ಲೇ ಸಿಕ್ಕಿಹಾಕಿಕೊಂಡ. ಮಳೆ ಹನಿಯುತ್ತಿತ್ತು. ಒಂದು ಬದಿಯಲ್ಲಿ ಗಾಜಿನ ಕಟ್ಟಡ, ಅದರೊಳಗೆ ಕೊರಳಿಗೆ ಗುರುತಿನ ಚೀಟಿಯ ಪಟ್ಟಿ ಹಾಕಿಕೊಂಡು ಓಡಾಡುವ ಹುಡುಗ ಹುಡುಗಿಯರು. ಇನ್ನೊಂದು ಬದಿಯಲ್ಲಿ, ಯಾರೋ ಕೆಡವಲು ಮರೆತ ತಗಡಿನ ಶೆಡ್ಡು. ಒಳಗೆ ಒಂದು ಲೇತ್ ಮಿಶಿನ್ ತಿರುಗುತ್ತಿತ್ತು. ಕಬ್ಬಿಣ ಕೊರೆಯುವಾಗ ಅದರ ಮೇಲೆ ಹಾಲಿನ ಬಣ್ಣದ ಎಣ್ಣೆನೀರು ಸುರಿಯುತ್ತದಲ್ಲ, ಅದರ ವಾಸನೆ ಮಳೆಯ ಜೊತೆ ರಿಕ್ಷಾದೊಳಗೆ ಬಂತು.

"ಮೇಡಂ, ಬಾಸ್ ಆತಾ ಹೈ ಕ್ಯಾ? ಪರ್ದಾ ಗಿರಾವೂಂ?" ಎಂದು ರಿಕ್ಷಾದವನು ಕೇಳಿದ.

ವಾಸನೆಗೆ ಪರದೆ ಇಳಿಸುವುದು ಬೇಡ ಎಂದೆ. ಅದು ಅಪ್ಪಯ್ಯನ ಅಂಗಿಯ ವಾಸನೆ. ಅಮ್ಮ ಎಷ್ಟು ಸೋಡಾ ಹಾಕಿ ಕುದಿಸಿ ಒಗೆದರೂ ಹೋಗದ ವಾಸನೆ. ಅಪ್ಪಯ್ಯ ತೀರಿಕೊಂಡು ವರ್ಷಗಳಾದವು. ಆ ಅಂಗಿಗಳು ಯಾರ ಮನೆಯ ನೆಲ ಒರೆಸುವ ಬಟ್ಟೆಗಳಾಗಿ ಹೋದವೋ ಗೊತ್ತಿಲ್ಲ. ಆದರೆ ನನ್ನ ಮೂಗಿಗೆ ಇದನ್ನು ಯಾರೂ ತಿಳಿಸಿಲ್ಲ. ಡೊಂಬಿವಲಿಯಿಂದ ತಮ್ಮನ ಮನೆಗೆಂದು ಹೊರಟವಳು ಆ ದಾರಿಯಲ್ಲಿ ಕೂತು, ತೊಂಬತ್ತರ ದಶಕದ ನಡುವಿನ ಆ ಒಂದು ವರ್ಷಕ್ಕೆ ಹೋಗಿಬಿಟ್ಟೆ. ನಮ್ಮ ಮನೆಯಲ್ಲಿ ಯಾರೂ ಮಾತಾಡದ ವರ್ಷ ಅದು.

ಆಗ ನಾವು ಆ ಎಸ್ಟೇಟಿನ ಹತ್ತಿರದ ವರ್ತಕ ನಗರದಲ್ಲಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ, ಉದ್ದದ ಜಗಲಿಗೆ ತೆರೆದುಕೊಳ್ಳುವ ಬಾಗಿಲು. ಅಪ್ಪಯ್ಯ ಕುಂದಾಪುರದ ಕಡೆಯವರು. ಊರಿನವರೆಲ್ಲ ಹೋಟೆಲಿನ ದುಡ್ಡಿನ ಗಲ್ಲೆಗೋ ಮೇಜು ಒರೆಸುವುದಕ್ಕೋ ಹೋದರೆ ಇವರೊಬ್ಬರು ಹಟ ಮಾಡಿ ಮಿಶಿನ್ ಕಲಿತು ಕಾರ್ಖಾನೆ ಸೇರಿದ್ದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ನೆಂಟರು ಆಡಿಕೊಳ್ಳುತ್ತಿದ್ದರಂತೆ. ಅಪ್ಪಯ್ಯ ನಗುತ್ತಿದ್ದರು. ಅವರಿಗೆ ಆ ಕೆಲಸದ ಮೇಲೆ ಅಷ್ಟು ಅಭಿಮಾನ. ಸಂಜೆ ಮನೆಗೆ ಬಂದು ಕಾಲು ತೊಳೆಯುವ ಮೊದಲೇ, ಇವತ್ತು ಯಾವ ತುಂಡನ್ನು ಎಷ್ಟು ನಯವಾಗಿ ತಿರುಗಿಸಿದೆ ಎಂದು ಅಮ್ಮನಿಗೆ ಹೇಳಲು ಶುರು ಮಾಡುತ್ತಿದ್ದರು. ಅಮ್ಮನಿಗೆ ಅದರ ತಲೆಬುಡ ತಿಳಿಯುತ್ತಿರಲಿಲ್ಲ. ಆದರೂ ಹ್ಞೂಂಗುಟ್ಟುತ್ತಿದ್ದಳು. ನಾನು ಶಾಲೆಯಲ್ಲಿ ಆರನೇ ಇಯತ್ತೆಗೆ ಬಂದಿದ್ದೆ. ತಮ್ಮ ಸುಧೀರ ತೆವಳುವುದು ಬಿಟ್ಟು ಗೋಡೆ ಹಿಡಿದು ನಡೆಯಲು ಕಲಿತಿದ್ದ. "ತ್ತ ತ್ತ ತ್ತ" ಎಂದು ದಿನವಿಡೀ ಏನೋ ಭಾಷಣ ಮಾಡುತ್ತಿದ್ದ.

ಆ ದೀಪಾವಳಿಯ ಹೊತ್ತಿಗೆ ಕಾರ್ಖಾನೆ ಥಾಣೆ ಬಿಟ್ಟು ಗುಜರಾತಿನ ಗಡಿಗೆ ಹೋಗುತ್ತದಂತೆ ಎಂಬ ಸುದ್ದಿ ಹುಟ್ಟಿತು. ಹಳಬರನ್ನು ಹೊರಗೆ ಕಳಿಸಬೇಕಿತ್ತು. ಹೋಗಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಪ್ಪಯ್ಯನನ್ನು ಕಾಯಂ ಆಗಿ ರಾತ್ರಿಪಾಳಿಗೆ ಹಾಕಿದರು ಅಷ್ಟೆ. ಬೇಸತ್ತು ತಾನೇ ಬಿಟ್ಟುಹೋಗಲಿ ಎಂಬ ಲೆಕ್ಕಾಚಾರ. ಅಪ್ಪಯ್ಯ ಬಿಡಲಿಲ್ಲ. ಬೆಳಿಗ್ಗೆ ಬರುವುದು, ಚಾ ಕುಡಿಯುವುದು, ಹೊರಕೋಣೆಯಲ್ಲಿ ಚಾಪೆ ಹಾಸಿ ಕಣ್ಣಿನ ಮೇಲೆ ತೋಳು ಇಟ್ಟುಕೊಂಡು ಮಲಗುವುದು. ಮಿಶಿನಿನ ಕಥೆ ನಿಂತುಹೋಯಿತು. ಮುಖದ ಬಣ್ಣವೇ ಬದಲಾಯಿತು.

ಗಂಡಸು ರಾತ್ರಿಪಾಳಿ ಮಾಡುವ ಮನೆಯಲ್ಲಿ ಹಗಲು ಹೇಗಿರುತ್ತದೆ ಎಂದು ಗೊತ್ತಿದ್ದವರಿಗೇ ಗೊತ್ತು. ಅಮ್ಮ ಅದನ್ನು ಒಂದು ವ್ರತದಂತೆ ಹಿಡಿದಳು. ಕುಕ್ಕರು ಇನ್ನೇನು ಕೂಗುತ್ತದೆ ಎನ್ನುವಾಗ ಸೌಟಿನ ತುದಿಯಿಂದ ಅದರ ಗುಂಡನ್ನು ಮೆಲ್ಲನೆ ಎತ್ತಿ ಹಬೆ ಬಿಡುತ್ತಿದ್ದಳು. ನಲ್ಲಿಯ ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟಿದಳು, ನೀರು ಬಟ್ಟೆಯುದ್ದಕ್ಕೂ ಜಾರಿ ಸದ್ದಿಲ್ಲದೆ ಬಕೆಟಿಗೆ ಇಳಿಯುತ್ತಿತ್ತು. ಗಾಜಿನ ಬಳೆಗಳನ್ನು ಮೊಣಕೈವರೆಗೆ ಏರಿಸಿ ಕರವಸ್ತ್ರ ಬಿಗಿದುಕೊಂಡೇ ಪಾತ್ರೆ ತೊಳೆಯುತ್ತಿದ್ದಳು. ನಾನು ಬಾಗಿಲ ಚಿಲಕವನ್ನು ಎರಡು ಬೆರಳಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಸರಿಸುವುದನ್ನು ಕಲಿತೆ. ಸುಧೀರ ಬಾಯಿ ತೆರೆದ ತಕ್ಷಣ ನಾವಿಬ್ಬರೂ ತುಟಿಗೆ ಬೆರಳಿಟ್ಟು, "ಶ್... ಅಪ್ಪಯ್ಯ ಮನಿಕಂಡಿದ್ರ್" ಎನ್ನುತ್ತಿದ್ದೆವು. ಅವನನ್ನು ಎತ್ತಿಕೊಂಡು ಅಡುಗೆಮನೆಯ ಮೂಲೆಗೆ ಓಡುತ್ತಿದ್ದೆವು.

ತಮಾಷೆಯೆಂದರೆ ಉಳಿದ ವರ್ತಕ ನಗರಕ್ಕೆ ಈ ವ್ರತ ಇರಲಿಲ್ಲ. ಕೆಳಗೆ ಗುಜರಿ ಕೊಳ್ಳುವ ಭಂಗಾರದವನು ಅರಚುತ್ತಿದ್ದ, ಮೇಲಿನವರ ಟೀವಿಯಲ್ಲಿ ಕ್ರಿಕೆಟ್ಟು ಬೊಬ್ಬೆ ಹೊಡೆಯುತ್ತಿತ್ತು, ಪಕ್ಕದ ಮನೆಯ ಮಿಕ್ಸರು ಗೋಡೆಯನ್ನೇ ಕೊರೆಯುವಂತೆ ಕೂಗುತ್ತಿತ್ತು. ಇಷ್ಟರ ನಡುವೆ ನಮ್ಮ ಒಂದು ಕೋಣೆ ಮಾತ್ರ ಯಾರೋ ಸತ್ತಂತೆ ತಣ್ಣಗಿರುತ್ತಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಜಗಳವೂ ಇರಲಿಲ್ಲ, ಮಾತೂ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ಗೆಳತಿಯರನ್ನು ಮನೆಗೆ ಕರೆಯುವ ಹಾಗಿರಲಿಲ್ಲ. ಅವರ ಮನೆಗೆ ಹೋಗೋಣವೆಂದರೆ ಸುಧೀರನನ್ನು ಸುಮ್ಮನಿರಿಸಲು ಅಮ್ಮನಿಗೆ ನಾನು ಬೇಕಿತ್ತು. ಜಗಲಿಯ ಮೆಟ್ಟಿಲ ಮೇಲೆ ಟವೆಲ್ ಹಾಸಿ, ಕಲ್ಲುಗಳು ಸದ್ದು ಮಾಡದಂತೆ ಒಬ್ಬಳೇ ಗಜ್ಜುಗ ಆಡುತ್ತಿದ್ದೆ. ನಾನು ಗೆದ್ದರೂ ನಾನೇ, ಸೋತರೂ ನಾನೇ.

ಮಳೆಗಾಲ ಬರುವ ಹೊತ್ತಿಗೆ ಸುಧೀರನಿಗೆ ಎರಡು ತುಂಬುತ್ತಾ ಬಂತು. ಆ ಭಾಷಣ ಯಾವಾಗ ನಿಂತಿತೋ ನಾವು ಗಮನಿಸಿರಲಿಲ್ಲ. ಮಗು ಸುಮ್ಮನಿದೆ ಎಂದು ನಮಗೆ ಹಾಯೆನಿಸಿತ್ತೇ ಹೊರತು ಹೆದರಿಕೆಯಾಗಿರಲಿಲ್ಲ. ಮೊದಲು ಗಮನಿಸಿದ್ದು ಶರಣಮ್ಮ. ಕಲಬುರಗಿ ಕಡೆಯವಳು, ಜಗಲಿಯ ತುದಿಯ ಮನೆ. ಗಂಡ ಎಸ್ಟೇಟಿನಲ್ಲಿ ಲಾರಿಗೆ ಮಾಲು ತುಂಬುತ್ತಿದ್ದ, ಇವಳು ಘೋಡಬಂದರ್ ರಸ್ತೆಯ ಹೊಸ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಅವಳ ಮಗಳು ರೇಣುಕಾ ಸುಧೀರನ ವಾರಿಗೆಯವಳು. ಆ ಚೋಟುದ್ದ ಹುಡುಗಿ ಇಡೀ ಜಗಲಿಯನ್ನು ಎರಡು ಭಾಷೆಯಲ್ಲಿ ಬೈಯುತ್ತಿದ್ದಳು.

"ಅಕ್ಕೋರ, ನಿಮ್ಮ ಕೂಸು ಯಾಕ ಮಾತಾಡವಲ್ದು? ನಮ್ಮ ರೇಣಿ ಬಾಯಿ ಮುಚ್ಚವಲ್ಲಳು, ಇಂವ ಬಾಯಿ ತೆರೀವಲ್ಲ" ಎಂದಳು ಶರಣಮ್ಮ.

ಅಮ್ಮ ನಕ್ಕು, ಗಂಡುಮಕ್ಕಳಿಗೆ ಮಾತು ತಡ ಎಂದಳು. ಆದರೆ ಒಳಗೆ ಬಂದವಳು ಸುಧೀರನನ್ನು ಮಡಿಲಲ್ಲಿ ಕೂರಿಸಿಕೊಂಡು ಬಹಳ ಹೊತ್ತು ಅವನ ಬಾಯಿಯನ್ನೇ ನೋಡುತ್ತಿದ್ದಳು. "ಅಮ್ಮ ಅನ್ನ್ ಮಗಾ, ಒಂದ್ ಸಲ ಅನ್ನ್" ಎಂದು ಪಿಸುಗುಟ್ಟಿದಳು. ಪಿಸುಗುಟ್ಟಿಯೇ ಹೇಳಬೇಕಿತ್ತು, ಅಪ್ಪಯ್ಯ ಹೊರಕೋಣೆಯಲ್ಲಿ ಮಲಗಿದ್ದರು. ಸುಧೀರ ಅವಳ ತುಟಿ ಮುಟ್ಟಿದ, ಸದ್ದು ಮಾಡಲಿಲ್ಲ.

ಅಂದಿನಿಂದ ಮನೆಯಲ್ಲಿ ಅದೊಂದೇ ಚಿಂತೆ, ಈ ಮಗುವಿಗೆ ಮಾತು ಬರುತ್ತದೋ ಇಲ್ಲವೋ. ಅಮ್ಮ ಊರಿಂದ ಬಂದವರ ಕೈಯಲ್ಲಿ ಬಜೆ ತರಿಸಿ, ಜೇನಿನಲ್ಲಿ ತೇದು ದಿನಾ ಅವನ ನಾಲಿಗೆಗೆ ಹಚ್ಚಿದಳು. ಅವನು ಮುಖ ಹಿಂಡಿ, ಅಳುವುದನ್ನೂ ಸದ್ದಿಲ್ಲದೆ ಅಳುತ್ತಿದ್ದ. ಊರ ದೇವಿಗೆ ಗಂಟೆಯ ಹರಕೆ ಹೇಳಿಕೊಂಡಳು. ನಮ್ಮ ಕಡೆ ಮಾತು ಬಾರದ ಮಕ್ಕಳಿಗೆ ಹಾಗೆ ಹೇಳಿಕೊಳ್ಳುತ್ತಾರೆ, ಮಗು ಮಾತಾಡಿದ ಮೇಲೆ ಗುಡಿಯಲ್ಲಿ ಗಂಟೆ ಕಟ್ಟಿ ಬರುವುದು. ಥಾಣೆಯ ಪೇಟೆಯಿಂದ ಹಿತ್ತಾಳೆಯ ಒಂದು ಚಿಕ್ಕ ಗಂಟೆ ತಂದಳು. ತಂದವಳು ಮೊದಲು ಮಾಡಿದ್ದೇನು ಗೊತ್ತೇ? ಅಪ್ಪಯ್ಯನ ನಿದ್ದೆಗೆ ತೊಂದರೆಯಾಗಬಾರದೆಂದು ಗಂಟೆಯ ಹೊಟ್ಟೆಗೆ ಹತ್ತಿ ತುರುಕಿ, ಬಟ್ಟೆ ಸುತ್ತಿ ದೇವರ ಗೂಡಿನ ಕೆಳಗೆ ಇಟ್ಟಳು. ಆಗ ಅದರಲ್ಲಿ ನಗುವಂಥದ್ದೇನೂ ನಮಗೆ ಕಾಣಿಸಲಿಲ್ಲ.

ಕೊನೆಗೆ ಅಪ್ಪಯ್ಯ ಒಂದು ಬೆಳಿಗ್ಗೆ ಮಲಗದೆ, ಕೆಂಪು ಕಣ್ಣಿನಲ್ಲೇ ನಮ್ಮೆಲ್ಲರನ್ನೂ ಮಕ್ಕಳ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಮರಾಠಿಯ ಹೆಂಗಸು, ಒಳ್ಳೆಯವರು. ಸುಧೀರನ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರು. ಅವನು ತಕ್ಷಣ ತಿರುಗಿ ನೋಡಿದ.

"ಕಾನ ಚಾಂಗ್ಲೇ ಆಹೇತ್. ಘರಾತ್ ಕಿತೀ ಭಾಷಾ?"

ಕಿವಿ ಚೆನ್ನಾಗಿದೆ ಎಂದು ಕೇಳಿ ಹಗುರಾದ ಅಪ್ಪಯ್ಯ, ಮನೆಯಲ್ಲಿ ಎಷ್ಟು ಭಾಷೆ ಎಂಬ ಪ್ರಶ್ನೆಗೆ ಬೆರಳು ಮಡಚತೊಡಗಿದರು. ಮನೆಯಲ್ಲಿ ಕುಂದಾಪುರದ ಕನ್ನಡ, ನೆಂಟರು ಬಂದರೆ ತುಳು, ಜಗಲಿಯಲ್ಲಿ ಶರಣಮ್ಮನ ಕನ್ನಡ, ಹೊರಗೆ ಮರಾಠಿ, ಹಿಂದಿ, ನನ್ನ ಶಾಲೆಯ ಇಂಗ್ಲಿಷು. ಡಾಕ್ಟರು ತಲೆ ಮೇಲೆ ಕೈಯಿಟ್ಟುಕೊಂಡು ನಕ್ಕರು. ಇಷ್ಟಾದರೆ ಮಗುವಿಗೆ ಗೊಂದಲ, ಒಂದೇ ಇಟ್ಟುಕೊಳ್ಳಿ ಎಂದರು. ಮನೆಯಲ್ಲಿ ಯಾರು ಎಷ್ಟು ಮಾತಾಡುತ್ತೀರಿ ಎಂದು ಅವರು ಕೇಳಲಿಲ್ಲ. ಆರು ಭಾಷೆಯ ಮನೆಯಲ್ಲಿ ಮಾತೇ ಇಲ್ಲವೆಂದು ಯಾರು ತಾನೇ ಊಹಿಸಿಯಾರು?

ಅಪ್ಪಯ್ಯ ಬಸ್ಸಿನಲ್ಲೇ ತೀರ್ಮಾನ ಮಾಡಿದರು, ಇನ್ನು ಮನೆಯಲ್ಲಿ ಮರಾಠಿ. ನಾಳೆ ಶಾಲೆಗೆ ಬೇಕು, ನೌಕರಿಗೆ ಬೇಕು, ಕನ್ನಡ ಕಟ್ಟಿಕೊಂಡು ಏನು ಮಾಡುವುದು ಎಂದರು. ಅಮ್ಮ ತಲೆಯಾಡಿಸಿದಳು. ಪಾಪ, ಅವಳಿಗೆ ಗೊತ್ತಿದ್ದದ್ದು ಬಾಜಾರಿನ ಮರಾಠಿ. ಎಷ್ಟು ಎನ್ನಲು ಕಿತೀ, ಕಡಿಮೆ ಮಾಡಿ ಎನ್ನಲು ಕಮೀ ಕರಾ, ಬೇಡ ಎನ್ನಲು ನಕೋ. ಆ ಮರಾಠಿಯಲ್ಲಿ ಬೆಂಡೆಕಾಯಿ ಕೊಳ್ಳಬಹುದು, ಮಗುವನ್ನು ಮುದ್ದು ಮಾಡಲಾಗುವುದಿಲ್ಲ, ಬೈಯಲೂ ಆಗುವುದಿಲ್ಲ. ಇದ್ದ ಪಿಸುಮಾತೂ ಹೋಯಿತು. ಸ್ನಾನ ಮಾಡಿಸುವಾಗ ಅವಳು ಮೆಲ್ಲಗೆ ಹೇಳುತ್ತಿದ್ದ ಊರಿನ ಶಿಶುಪದಗಳು ನಿಂತವು. ಸುಧೀರ ನೀರು ಹೊಯ್ಯಿಸಿಕೊಳ್ಳುತ್ತಾ ಅವಳ ಬಾಯಿಯನ್ನು ನೋಡುತ್ತಿದ್ದ, ಅವಳು ಬೇರೆ ಕಡೆ ನೋಡುತ್ತಿದ್ದಳು. ನನಗೆ ಮರಾಠಿ ಚೆನ್ನಾಗಿ ಬರುತ್ತಿತ್ತು, ಆದರೆ ಅಮ್ಮನೊಡನೆ ಅದರಲ್ಲಿ ಮಾತಾಡಲು ನಾಚಿಕೆಯಾಗುತ್ತಿತ್ತು. ಅವಳು ಯಾರೋ ಪರಿಚಯದ ಹೆಂಗಸಿನಂತೆ ಕಾಣುತ್ತಿದ್ದಳು.

ಶಾಲೆಯಲ್ಲೂ ನನ್ನ ದನಿ ಏಳುತ್ತಿರಲಿಲ್ಲ. ಸ್ವಾತಂತ್ರ್ಯ ದಿನದ ಕವಿತೆಗೆ ನನ್ನನ್ನು ಆರಿಸಿದ್ದ ಮರಾಠಿ ಟೀಚರು ಸಭಾಂಗಣದ ಕೊನೆಯಲ್ಲಿ ನಿಂತು, "ಮೋಠ್ಯಾನೇ ಬೋಲ್ ಶಾಲಿನೀ, ಮೋಠ್ಯಾನೇ!" ಎಂದು ಕೂಗಿದರು. ನಾನು ಬಾಯಿ ದೊಡ್ಡದು ಮಾಡಿದೆ, ದನಿ ದೊಡ್ಡದಾಗಲಿಲ್ಲ. ಎರಡು ದಿನ ಪ್ರಯತ್ನಿಸಿ ಅವರು ಬೇರೆ ಹುಡುಗಿಯನ್ನು ನಿಲ್ಲಿಸಿದರು. ಮನೆಯಲ್ಲಿ ಹೇಳಲಿಲ್ಲ. ಯಾರಿಗೆ ಹೇಳುವುದು, ಯಾವ ಭಾಷೆಯಲ್ಲಿ ಹೇಳುವುದು?

ಶ್ರಾವಣದ ಒಂದು ಮಧ್ಯಾಹ್ನ, ಶಾಲೆಗೆ ರಜೆ. ಹೊರಗೆ ಜೋರು ಮಳೆ. ಅಮ್ಮ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು, ನಾನು ಪಕ್ಕದಲ್ಲಿ ಬರೆಯುತ್ತಿದ್ದೆ. ಸುಧೀರ ನಮ್ಮ ಕಣ್ಣು ತಪ್ಪಿಸಿ ಹೊರಕೋಣೆಗೆ ಹೋಗಿದ್ದ. ಇದ್ದಕ್ಕಿದ್ದಂತೆ ಗಂಟೆ ಬಡಿದ ಸದ್ದಾಯಿತು. ಸಣ್ಣ ಗಂಟೆಯೇ, ಆದರೆ ನಮ್ಮ ಮನೆಯಲ್ಲಿ ಅದು ಸಿಡಿಲಿನಂತೆ ಕೇಳಿಸಿತು. ಅಮ್ಮನ ಮೊರ ಕೈತಪ್ಪಿ ಅಕ್ಕಿಯೆಲ್ಲ ಚೆಲ್ಲಿತು. ಇಬ್ಬರೂ ಓಡಿದೆವು.

ಸುಧೀರ ಚಾಪೆಯ ಪಕ್ಕ ನಿಂತಿದ್ದ. ಬಟ್ಟೆ ಬಿಚ್ಚಿ, ಹತ್ತಿಯನ್ನು ಎಳೆದು ಹಾಕಿದ್ದ. ಕೈಯಲ್ಲಿದ್ದ ಗಂಟೆ ತಾನಾಗಿ ಕೂಗಿದ್ದಕ್ಕೆ ಅವನೇ ಬೆಚ್ಚಿದ್ದ. ಅಪ್ಪಯ್ಯನ ಕಡೆ ಒಮ್ಮೆ ನೋಡಿದ. ಆಮೇಲೆ ಗಂಟೆಯನ್ನು ಮುಖದ ಹತ್ತಿರ ತಂದು, ತುಟಿಗೆ ಬೆರಳಿಟ್ಟು, ಅದಕ್ಕೆ ಹೇಳಿದ.

"ಶ್..."

ಎಷ್ಟೋ ತಿಂಗಳಲ್ಲಿ ಅವನ ಬಾಯಿಂದ ಬಂದ, ಅರ್ಥವಿದ್ದ ಮೊದಲ ಸದ್ದು ಅದು. ಅವನು ಅಷ್ಟು ಕಾಲದಿಂದ ನಮ್ಮಿಂದ ಕಲಿತದ್ದೂ ಅದೊಂದೇ. 

ಅಪ್ಪಯ್ಯ ಎಚ್ಚರವಿದ್ದರು. ತೋಳು ಸರಿದಿತ್ತು, ಕಣ್ಣು ತೆರೆದೇ ಇತ್ತು. ಮೆಲ್ಲನೆ ಎದ್ದು ಕೂತರು.

"ಹ್ವಾಯ್, ನಿದ್ರಿ ಹಾಳಾಯ್ತಾ?" ಎಂದಳು ಅಮ್ಮ, ಅವಸರದಲ್ಲಿ ಮರಾಠಿ ಮರೆತು.

"ಯಾವ ನಿದ್ರಿ? ನಾನ್ ಮನ್ಕಂಡದ್ ಹೌದ್, ನಿದ್ರಿ ಮಾಡ್ದದ್ದಲ್ಲ." ಅಪ್ಪಯ್ಯ ಅವಳ ಮುಖ ನೋಡದೆ ಹೇಳಿದರು. "ಪಾಳಿ ಬದ್ಲ್ ಆದ ಮೇಲೆ ಸರಿ ನಿದ್ರಿಯೇ ಇಲ್ಲೆ. ಕಣ್ ಮುಚ್ಚಿರೆ ಆ ಮಿಶಿನಿನ ಸದ್ದೇ ಕೇಂತ್. ಮನೆಯೊಳ್ಗೆ ಒಂದ್ ಮಾತಾರೂ ಕೇಣ್ಲಿ ಅಂತ ಕಾಯ್ತಿದ್ದೆ. ನೀವ್ ಯಾರೂ ಮಾತಾಡುದೇ ಇಲ್ಲೆ. ನಿಮ್ಗೆಲ್ಲ ನನ್ ಮೇಲೆ ಬೇಜಾರ್ ಅಂತ ಎಣ್ಸಿದ್ದೆ."

ಅಮ್ಮ ಕರವಸ್ತ್ರ ಬಿಗಿದ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ಅವಳು ಅವರ ನಿದ್ದೆಯನ್ನು ಕಾಯುತ್ತಿದ್ದಳು, ಅವರು ಅವಳ ದನಿಯನ್ನು ಕಾಯುತ್ತಿದ್ದರು. ನಡುವೆ ಒಂದು ಮಗು ಬಾಯಿ ಮುಚ್ಚುವುದನ್ನು ಕಲಿತಿತ್ತು. ಅಪ್ಪಯ್ಯ ಸುಧೀರನನ್ನು ಹತ್ತಿರ ಎಳೆದುಕೊಂಡು, ಅವನ ಕೈ ಹಿಡಿದು ಗಂಟೆಯನ್ನು ಇನ್ನೊಮ್ಮೆ ಬಾರಿಸಿದರು. ಮತ್ತೆ ಬಾರಿಸಿದರು. ಸುಧೀರ ಹೆದರಿ ನನ್ನ ಕಡೆ ನೋಡಿದ. ನಾನು ಬೆರಳನ್ನು ತುಟಿಗೆ ಒಯ್ಯದೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.

ಮಾರನೆಯ ದಿನದಿಂದ ಅಪ್ಪಯ್ಯ ಪಾಳಿ ಮುಗಿಸಿ ಬಂದು ಚಾ ಕುಡಿದು, ಚಾಪೆ ಹಾಸುವ ಬದಲು ಸುಧೀರನನ್ನು ಹೆಗಲಿಗೇರಿಸಿಕೊಂಡು ಉಪವನ ಕೆರೆಯ ಕಡೆ ಹೊರಟರು. ಅಮ್ಮ ಮರಾಠಿಯನ್ನು ತರಕಾರಿಯವನಿಗೇ ವಾಪಸು ಕೊಟ್ಟಳು. ನಾನು ಶಾಲೆಗೆ ಹೋಗುವಾಗ ದೂರದಿಂದ ಅವರ ಬೆನ್ನು ಕಾಣುತ್ತಿತ್ತು. ಅಪ್ಪಯ್ಯ ಒಂದು ಕೈಯಲ್ಲಿ ಕೊಡೆ ಹಿಡಿದು, ಇನ್ನೊಂದು ಕೈಯನ್ನು ಗಾಳಿಯಲ್ಲಿ ಆಡಿಸುತ್ತಾ ಮಾತಾಡುತ್ತಿದ್ದರು. ಮಾತೆಂದರೆ ಎಂಥ ಮಾತು! ತಿಂಗಳುಗಟ್ಟಲೆ ಕಟ್ಟಿಟ್ಟದ್ದೆಲ್ಲ ಹೊರಗೆ ಬರುತ್ತಿತ್ತು. ಸುಧೀರ ಅವರ ತಲೆಗೂದಲು ಹಿಡಿದುಕೊಂಡು ಕೇಳುತ್ತಿದ್ದ.

ಒಂದು ಭಾನುವಾರ ನಾನೂ ಹೋದೆ. ಬಹಳ ಆಸೆಯಿಂದ ಹೋಗಿದ್ದೆ. ಕೆರೆಯ ದಂಡೆಯ ಕಟ್ಟೆಯ ಮೇಲೆ ಮೂವರೂ ಕೂತೆವು. ಯೇವೂರಿನ ಗುಡ್ಡದ ಮೇಲೆ ಮೋಡ ಇಳಿದಿತ್ತು. ಅಪ್ಪಯ್ಯ ಸುಧೀರನಿಗೆ ಮೀನು ತೋರಿಸಿದರು, ಹಕ್ಕಿ ತೋರಿಸಿದರು. ಕಾರ್ಖಾನೆಯ ಮಾತು ಎತ್ತಲಿಲ್ಲ. ಒಮ್ಮೆ, "ಆ ಸಾಹೇಬ ಮೊನ್ನೆ ಎಂತ ಹೇಳ್ದ ಗೊತ್ತಾ ಮಾಣಿ..." ಎಂದು ಶುರು ಮಾಡಿದವರು ನನ್ನ ಕಡೆ ನೋಡಿ ನಿಲ್ಲಿಸಿದರು.

"ಶಾಲೂ, ಪರೀಕ್ಷೆಗೆ ಓದುಕಿಲ್ಯಾ?" ಎಂದರು.

ನನಗೆ ಅರ್ಥವಾಯಿತು. ಅರ್ಥವಾಗುವ ವಯಸ್ಸೇ ನನ್ನ ತಪ್ಪು. ಎರಡು ವರ್ಷದ ಮಗುವಿನ ಮುಂದೆ ಹೆದರಿಕೆಯನ್ನು ಹೇಳಿಕೊಳ್ಳಬಹುದು, ಹನ್ನೊಂದರ ಮಗಳ ಮುಂದೆ ಆಗುವುದಿಲ್ಲ. ಓದುವುದಿದೆ ಎಂದು ಸುಳ್ಳು ಹೇಳಿ ಎದ್ದುಬಂದೆ. ಸ್ವಲ್ಪ ದೂರ ಬಂದ ಮೇಲೆ ಹಿಂದೆ ಅಪ್ಪಯ್ಯನ ದನಿ ಮತ್ತೆ ಹರಿಯತೊಡಗಿತು. ಮಾತು ಕೇಳಿಸಲಿಲ್ಲ, ದನಿ ಮಾತ್ರ ಕೇಳಿಸಿತು. ಅಳಬಾರದು ಎಂದುಕೊಂಡೆ, ಆದರೂ ವರ್ತಕ ನಗರದವರೆಗೆ ಅತ್ತುಕೊಂಡೇ ಬಂದೆ. ಮತ್ತೆಂದೂ ಅವರ ಜೊತೆ ಕೆರೆಗೆ ಹೋಗಲಿಲ್ಲ.

ಗಣಪತಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ, ಕೆರೆಯಿಂದ ಬಂದ ಸುಧೀರ ಅಮ್ಮ ತಿರುಗಿಸುತ್ತಿದ್ದ ಕಾಯಿ ತುರಿಯುವ ಯಂತ್ರದ ಹಿಡಿಗೆ ಬೆರಳು ತೋರಿಸಿ, "ಮಿಸೀನ್" ಎಂದ. ಅಮ್ಮ ಎಂದು ಕರೆಯುತ್ತಾನೆಂದು ಮಳೆಗಾಲವಿಡೀ ಕಾದವಳು ಈ ಮಿಸೀನಿಗೇ ಕುಣಿದಾಡಿದಳು. ಆಮೇಲೆ ಒಂದೊಂದಾಗಿ ಎಲ್ಲ ಬಂದವು. ಅಪ್ಪಯ್ಯ ಮುಂದಿನ ಬೇಸಿಗೆಗೆ ಕಾರ್ಖಾನೆ ಬಿಟ್ಟು, ಕಲ್ಯಾಣದಲ್ಲಿ ನೆಂಟರ ಹೋಟೆಲಿನ ಗಲ್ಲೆಯಲ್ಲಿ ಕೂತರು. ರಾತ್ರಿ ನಿದ್ದೆ ಮಾಡತೊಡಗಿದರು. ಗಂಟೆಯನ್ನು ಊರಿಗೆ ಒಯ್ದು ಕಟ್ಟಿ ಬಂದೆವು. ಸುಧೀರನಿಗೆ ಮಾತು ಬಂತು, ಆದರೆ ಬೆಳೆದಂತೆ ಅವನಿಗೆ ಒಗ್ಗಿದ್ದು ಹಿಂದಿ. ಈಗ ನಾನು ಕುಂದಾಪುರದ ಕನ್ನಡದಲ್ಲಿ ಕೇಳಿದರೆ ಅವನು ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ದನಿ ಮಾತ್ರ ಇಂದಿಗೂ ಮೆತ್ತಗೆ.

ಅಪ್ಪಯ್ಯ ತೀರಿಕೊಂಡ ವರ್ಷ ಸುಧೀರನನ್ನು ಕೇಳಿದ್ದೆ, ಕೆರೆಯ ಹತ್ತಿರ ನಿನಗೆ ಏನು ಹೇಳುತ್ತಿದ್ದರೋ ಎಂದು. "ಯಾದ್ ನಹೀ ಅಕ್ಕಾ. ಮೈ ಛೋಟಾ ಥಾ ನಾ" ಎಂದ. ನಿಜವೇ, ಅವನಿಗೆ ಹೇಗೆ ನೆನಪಿರುತ್ತದೆ? ಕೇಳಿಸಿಕೊಂಡವನು ಮರೆತ, ನೆನಪಿಟ್ಟುಕೊಳ್ಳಬಲ್ಲವಳಿಗೆ ಅವರು ಹೇಳಲಿಲ್ಲ. ಅಪ್ಪಯ್ಯನ ಆ ವರ್ಷ ಕೆರೆಯ ನೀರಿಗೇ ಹೋಯಿತು.

ರಿಕ್ಷಾ ಹೇಗೋ ಬಿಡಿಸಿಕೊಂಡು ಘೋಡಬಂದರ್ ರಸ್ತೆಗೆ ಬಂತು. ಒಂದು ಕಾಲದಲ್ಲಿ ಶರಣಮ್ಮ ಇಟ್ಟಿಗೆ ಹೊತ್ತ ರಸ್ತೆಯಲ್ಲೇ ಸುಧೀರನ ಮನೆ, ಹದಿನಾಲ್ಕನೇ ಮಹಡಿ. ಅವನ ಹೆಂಡತಿ ಬಾಗಿಲು ತೆರೆದು, "ಒಳಗೆ ಅವರ ಮೀಟಿಂಗು ನಡೀತಿದೆ ಅಕ್ಕಾ, ಆಫೀಸಿನಲ್ಲಿ ಜನ ಕಡಿಮೆ ಮಾಡ್ತಿದ್ದಾರಂತೆ, ತಲೆಬಿಸಿಯಲ್ಲಿದ್ದಾರೆ" ಎಂದು ಪಿಸುಗುಟ್ಟಿ ಸ್ನಾನಕ್ಕೆ ಹೋದಳು. ಅವರ ಎರಡು ವರ್ಷದ ಮಗಳು ಹಜಾರದಲ್ಲಿ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಕೂತಿದ್ದಳು. ಒಲೆಯ ಮೇಲೆ ಕುಕ್ಕರು ಬುಸುಗುಡುತ್ತಿತ್ತು.

ನಾನು ಏನೂ ಯೋಚಿಸಲಿಲ್ಲ. ಕೈ ತಾನಾಗಿ ಸೌಟು ತೆಗೆದುಕೊಂಡಿತು. ಗುಂಡು ಅಲುಗತೊಡಗಿದಾಗ ಸೌಟಿನ ತುದಿಯನ್ನು ಅದರ ಕೆಳಗೆ ಒಯ್ದೆ. ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆದು ಸುಧೀರ ಬಂದ. ಮೀಟಿಂಗಿನ ಹೆಡ್‌ಫೋನು ಕೊರಳಲ್ಲಿ ನೇತಾಡುತ್ತಿತ್ತು, ಕಣ್ಣು ಕೆಂಪಾಗಿತ್ತು. ನನ್ನ ಕೈಯಲ್ಲಿದ್ದ ಸೌಟನ್ನೂ ನನ್ನ ಮುಖವನ್ನೂ ನೋಡಿದ. ಆ ವರ್ಷದ ಕಥೆಯನ್ನು ಅಮ್ಮ ಅವನಿಗೆ ಎಷ್ಟೋ ಸಲ ಹೇಳಿದ್ದಳು.

"ಛೋಡ್ ನಾ ಅಕ್ಕಾ" ಎಂದ. ಆಮೇಲೆ, ನನಗಾಗಿಯೇ ಎಲ್ಲಿಂದಲೋ ಹುಡುಕಿ ತೆಗೆದಂತೆ, ನಮ್ಮ ಮಾತಿನಲ್ಲಿ ಹೇಳಿದ. "ಬಿಡ್. ಕೂಗ್ಲಿ."

ಸೌಟು ಹಿಂದಕ್ಕೆ ತೆಗೆದೆ. ಕುಕ್ಕರು ಮನೆ ತುಂಬುವ ಹಾಗೆ ಕೂಗಿತು. ಹಜಾರದಲ್ಲಿ ಮಗು ಡಬ್ಬಿಗಳನ್ನು ಕೆಡವಿ, ಅದಕ್ಕಿಂತ ಜೋರಾಗಿ "ಕೂ" ಎಂದಿತು. ಸುಧೀರ ನಕ್ಕು ಅವಳನ್ನು ಎತ್ತಿಕೊಳ್ಳಲು ಹೋದ. ನಾನು ಸೌಟು ಹಿಡಿದುಕೊಂಡು ಒಲೆಯ ಮುಂದೆ ನಿಂತಿದ್ದೆ. ನಾನೂ ಒಮ್ಮೆ ಕೂಗೋಣ ಎನಿಸಿತು, ಬಾಯಿಯನ್ನೂ ತೆರೆದೆ. ದನಿ ಬರಲಿಲ್ಲ.